ರೆಡಿ ಸಿಗುವಾಗ ಕಟ್ಟುವುದು ಎಂತಕ್ಕೆ?

"ಮಾವ, ರೆಡಿ ಇರುವುದನ್ನೇ ಇಳಿಸಿಕೊಂಡರೆ ಆಗ್ತದಲ್ವಾ? ರಾತ್ರಿಯಿಡೀ ಕಂಪ್ಯೂಟರ್ ಓಡಿಸುವುದು ಎಂತಕ್ಕೆ?"

ಅಂಗಡಿಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಅನ್ನು ರೆಡಿ ಇಳಿಸಿಕೊಳ್ಳದೆ ಮೂಲ ಕೋಡಿನಿಂದ ನಾನೇ ಕಟ್ಟುವುದನ್ನು ನೋಡಿ ಅಕ್ಕನ ಮಗ ಕೇಳಿದ ಪ್ರಶ್ನೆ ಇದು. ಅವನಿಗಿಂತ ಮೊದಲು ಅಣ್ಣ ಕೇಳಿದ್ದ. ಗೆಳೆಯರಂತೂ ಸಿಕ್ಕಾಗಲೆಲ್ಲ ಕೇಳುತ್ತಾರೆ. ಪ್ರತಿ ಸಲವೂ ಅರ್ಧ ಹೇಳಿ ಬಿಟ್ಟಿದ್ದೇನೆ. ಈಗ ಪೂರ್ತಿ ಬರೆಯುತ್ತೇನೆ.

ಮಲ್ಪೆಯಲ್ಲಿ ನಮ್ಮದು ಬಲೆ, ಹಗ್ಗ ಮಾರುವ ಅಂಗಡಿ. ಅಂಗಡಿ ಅಣ್ಣನದ್ದು, ಅಲ್ಲಿನ ಕಂಪ್ಯೂಟರ್ ನನ್ನದು. ಬಿಲ್ಲು, ಸ್ಟಾಕು, ಯಾವ ಬೋಟಿನವರು ಎಷ್ಟು ಬಾಕಿ ಇಟ್ಟಿದ್ದಾರೆ ಎಂಬ ಲೆಕ್ಕ, ಎಲ್ಲವೂ ಅದರಲ್ಲಿದೆ. ಅದರ ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿ. ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಕೆಲಸದಿಂದ ಬಂದದ್ದು, 1993ರಿಂದ ಈ ಹೆಸರಿನಲ್ಲಿ ನಡೆಯುತ್ತಿದೆ. ಮೂಲ ಕೋಡ್, ಅಂದರೆ ಪ್ರೋಗ್ರಾಂ ಬರೆಯುವವರು ಬರೆದ ಸಾಲುಗಳು, ಎಲ್ಲರಿಗೂ ತೆರೆದಿದೆ. ವರ್ಷಕ್ಕೊಮ್ಮೆ, ಜೂನ್ ಜುಲೈಯಲ್ಲಿ ಮೀನುಗಾರಿಕೆಗೆ ರಜೆ ಬಿದ್ದು ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗ, ನಾನು ಆ ಕೋಡ್ ಇಳಿಸಿ, ಇಡೀ ಸಿಸ್ಟಂ ಅನ್ನು ಮೊದಲಿಂದ ಬಿಲ್ಡ್ ಮಾಡಿ ಹೊಸ ಆವೃತ್ತಿಗೆ ಏರಿಸುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ವೇಗಕ್ಕಾಗಿ ಅಲ್ಲ. ನಾವೇ ಕಂಪೈಲ್ ಮಾಡಿದರೆ, ಅಂದರೆ ಕೋಡನ್ನು ಕಂಪ್ಯೂಟರ್ ಓಡಿಸುವ ರೂಪಕ್ಕೆ ತಂದರೆ, ಕಂಪ್ಯೂಟರ್ ಹಾರುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಬಿಲ್ಲು ಹೊಡೆಯುವವನಿಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ರೆಡಿ ಅಪ್‌ಡೇಟ್ ಕೊಡುವ ಕಮಾಂಡ್ ಫ್ರೀಬಿಎಸ್‌ಡಿಯಲ್ಲೂ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೆಚ್ಚಿನವರಿಗೆ ನಾನು ಅದನ್ನೇ ಹೇಳುವುದು.

ನಾನು ಕಟ್ಟುವುದು ಬೇರೆ ಕಾರಣಕ್ಕೆ. ಈ ಕೆಲಸಕ್ಕೆ ಒಂದು ಕ್ರಮ ಇದೆ. ಆ ಕ್ರಮ ಯಾಕೆ ಹಾಗಿದೆ ಅಂತ ಗೊತ್ತಾದರೆ, ಕೆಟ್ಟಾಗ ವಾಪಸು ಬರುವ ದಾರಿಯೂ ಗೊತ್ತಾಗುತ್ತದೆ.

ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಿ ಕರ್ನಲ್, ಅಂದರೆ ಯಂತ್ರವನ್ನೂ ಪ್ರೋಗ್ರಾಮುಗಳನ್ನೂ ನಡೆಸುವ ಒಳಗಿನ ಮುಖ್ಯ ಭಾಗ, ಒಂದು ಕಡೆಯಿಂದ ಬರುತ್ತದೆ, ಉಳಿದ ಸಾಮಾನು ಬೇರೆ ಬೇರೆ ಕಡೆಯಿಂದ. ಫ್ರೀಬಿಎಸ್‌ಡಿಯಲ್ಲಿ ಕರ್ನಲ್ಲೂ ದಿನಬಳಕೆಯ ಕಮಾಂಡುಗಳೂ ಒಂದೇ ಸೋರ್ಸ್ ಫೋಲ್ಡರಿನಲ್ಲಿ ಇರುತ್ತವೆ. ಕರ್ನಲ್ ಬಿಟ್ಟು ಉಳಿದದ್ದನ್ನೆಲ್ಲ 'ವರ್ಲ್ಡ್' ಅನ್ನುತ್ತಾರೆ. 'ಮೇಕ್ ಬಿಲ್ಡ್‌ವರ್ಲ್ಡ್' ಅಂತ ಒಂದು ಸಾಲು ಟೈಪ್ ಮಾಡಿದರೆ ಕೆಲಸ ಶುರು. ಮೊದಲು ಬೇಕಾದ ಸಣ್ಣಪುಟ್ಟ ಹತ್ಯಾರುಗಳು ತಯಾರಾಗುತ್ತವೆ. ಆಮೇಲೆ ಕಂಪೈಲ್ ಮಾಡುವ ಪ್ರೋಗ್ರಾಂ, ಕಂಪೈಲರ್. ಹೊಸ ಕೋಡ್‌ಗೆ ಹೊಸ ಕಂಪೈಲರ್ ಬೇಕಾಗಬಹುದು, ಆದ್ದರಿಂದ ಹಳೆಯ ಕಂಪೈಲರ್ ಮೊದಲು ಹೊಸ ಕಂಪೈಲರನ್ನು ಕಟ್ಟುತ್ತದೆ, ಆ ಹೊಸದು ಉಳಿದದ್ದನ್ನೆಲ್ಲ ಕಟ್ಟುತ್ತದೆ. ಅತಿ ಜಾಸ್ತಿ ಹೊತ್ತು ಹಿಡಿಯುವುದು ಇದಕ್ಕೇ. ನಮ್ಮ ಹಳೆಯ ಎರಡು ಕೋರ್‌ನ ಯಂತ್ರದಲ್ಲಿ ಸಂಜೆ ಹಚ್ಚಿದರೆ ಬೆಳಗಾಗುತ್ತಿತ್ತು.

"ಮಳೆಗಾಲದಲ್ಲಿ ಕರೆಂಟು ಹೋದರೆ?" ಅಂತಲೂ ಕೇಳುತ್ತಾರೆ. ಹೋಗುತ್ತದೆ. ಗಾಳಿಗೆ ಒಂದು ಮರ ಬಿದ್ದರೆ ಸಾಕು, ರಾತ್ರಿಯಿಡೀ ಕತ್ತಲೆ. ಆದರೆ ಬಿಲ್ಡ್ ಆಗುವಾಗ ಕರೆಂಟು ಹೋದರೆ ತಲೆಬಿಸಿ ಇಲ್ಲ. ತಯಾರಾದದ್ದೆಲ್ಲ ಬೇರೆ ಒಂದು ಫೋಲ್ಡರಿಗೆ ಹೋಗಿ ಕೂರುತ್ತದೆ, ಓಡುತ್ತಿರುವ ಸಿಸ್ಟಂಗೆ ಅದು ಕೈ ಹಚ್ಚುವುದೇ ಇಲ್ಲ. ಕರೆಂಟು ಬಂದ ಮೇಲೆ ಮತ್ತೆ ಹಚ್ಚಿದರಾಯಿತು. ಜಾಗ್ರತೆ ಬೇಕಾದದ್ದು ಇನ್‌ಸ್ಟಾಲ್ ಮಾಡುವ ಆ ಕೆಲವು ನಿಮಿಷ ಮಾತ್ರ. ಆಗ ಇನ್ವರ್ಟರ್ ಬ್ಯಾಟರಿ ತುಂಬಿದೆಯಾ ಅಂತ ನೋಡದೆ ನಾನು ಎಂಟರ್ ಒತ್ತುವುದಿಲ್ಲ.

ಇನ್‌ಸ್ಟಾಲ್‌ನ ಕ್ರಮ ಹೀಗೆ: ಮೊದಲು ಹೊಸ ಕರ್ನಲ್ ಹಾಕಬೇಕು, ಕಂಪ್ಯೂಟರನ್ನು ರೀಬೂಟ್ ಮಾಡಬೇಕು, ಆಮೇಲೆಯೇ ವರ್ಲ್ಡ್ ಹಾಕಬೇಕು. ತುಂಬ ದಿನ ನಾನು ಇದನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ಅರ್ಥ ಆದದ್ದು 12ನೇ ಆವೃತ್ತಿಗೆ ಹೋಗುವಾಗ.

ಸಿಸ್ಟಂ ಪ್ರತಿ ಫೈಲಿಗೂ ಒಂದು ನಂಬರು ಕೊಡುತ್ತದೆ, ಐನೋಡ್ ನಂಬರು ಅಂತ. ಅದು ಮೊದಲು 32 ಬಿಟ್ ಇತ್ತು. 2017ರ ಮೇ ತಿಂಗಳಲ್ಲಿ ಅಭಿವೃದ್ಧಿಯ ಕೋಡಿನಲ್ಲಿ ಅದನ್ನು 64 ಬಿಟ್ ಮಾಡಿದರು, 2018ರ ಡಿಸೆಂಬರಿನಲ್ಲಿ 12.0 ಆವೃತ್ತಿಯಾಗಿ ಅದು ಎಲ್ಲರ ಕೈಗೆ ಬಂತು. ಕೇಳುವುದಕ್ಕೆ ಸಣ್ಣ ಬದಲಾವಣೆ. ಆದರೆ ಫೈಲಿನ ವಿವರ ಕೇಳುವ ಪ್ರತಿ ಪ್ರೋಗ್ರಾಮೂ ಕರ್ನಲ್ ಜೊತೆ ಮಾತಾಡುವ ರೀತಿಯೇ ಬದಲಾಯಿತು. ಹೊಸ ಕರ್ನಲ್‌ಗೆ ಹೊಸ ಮಾತೂ ಬರುತ್ತದೆ, ಹಳೆಯ ಮಾತೂ ಬರುತ್ತದೆ, ಯಾಕೆಂದರೆ 11ನೇ ಆವೃತ್ತಿಗೆ ಹೊಂದುವ ಭಾಗವನ್ನು ಅದರೊಳಗೆ ಉಳಿಸಿರುತ್ತಾರೆ. ಹಳೆಯ ಕರ್ನಲ್‌ಗೆ ಹೊಸ ಮಾತು ಬರುವುದಿಲ್ಲ. ಅದಕ್ಕೇ ಕರ್ನಲ್ ಮೊದಲು. ಸೋರ್ಸ್ ಜೊತೆಗೇ ಬರುವ 'ಅಪ್‌ಡೇಟಿಂಗ್' ಎಂಬ ಫೈಲಿನಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದರು: ಕರ್ನಲ್ ಹಾಕಿದ ಮೇಲೆ, ವರ್ಲ್ಡ್ ಹಾಕುವ ಮೊದಲು, ರೀಬೂಟ್ ಆಗಲೇಬೇಕು. ಸ್ವಂತ ಕಾನ್ಫಿಗ್ (ಕರ್ನಲ್ ಒಳಗೆ ಏನೇನು ಇರಬೇಕೆಂಬ ಪಟ್ಟಿ) ಇಟ್ಟುಕೊಂಡವರು ಆ 11ರ ಸಾಲನ್ನು ತೆಗೆದಿಲ್ಲವಲ್ಲ ಅಂತ ನೋಡಿಕೊಳ್ಳಬೇಕು ಅಂತಲೂ ಇತ್ತು. ನನ್ನ ಕಾನ್ಫಿಗ್ ಸ್ವಂತದ್ದು. ಆ ಫೈಲು ಓದದೆ ಮುಂದೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ಭಯವಾಗುತ್ತದೆ. ದಯವಿಟ್ಟು ಆ ಫೈಲನ್ನು ಓದಿ. ಪೂರ್ತಿ ಬೇಡ, ನಿಮ್ಮ ಹಳೆಯ ತಾರೀಕಿನಿಂದ ಈಚೆಗೆ ಇರುವಷ್ಟು ಸಾಕು.

ಹೊಸ ಕರ್ನಲ್ ಏಳದಿದ್ದರೆ? ಹಳೆಯದನ್ನು ಅಳಿಸಿರುವುದಿಲ್ಲ, 'ಕರ್ನಲ್ ಡಾಟ್ ಓಲ್ಡ್' ಎಂಬ ಹೆಸರಿನಲ್ಲಿ ಪಕ್ಕದಲ್ಲೇ ಇಟ್ಟಿರುತ್ತದೆ. ಬೂಟ್ ಆಗುವಾಗ ಬರುವ ಮೆನುವಿನಲ್ಲಿ ಅದನ್ನು ಆರಿಸಿದರೆ ನಿನ್ನೆಯ ಸ್ಥಿತಿಗೆ ಬರುತ್ತೀರಿ.

ಒಂದು ಸಲ ನನ್ನ ಕೈ ತಪ್ಪಿದ್ದೂ ಇದೆ. ಸಿಸ್ಟಂ ಹೊಸದಾದ ಮೇಲೆ ಸೆಟ್ಟಿಂಗ್ ಫೈಲುಗಳನ್ನು ಹೊಂದಿಸಬೇಕು. ಆಗ ಇದ್ದ 'ಮರ್ಜ್‌ಮಾಸ್ಟರ್' ಒಂದೊಂದೇ ಫೈಲು ತೋರಿಸಿ, ಹಳೆಯದು ಇರಲಾ, ಹೊಸದು ಹಾಕಲಾ ಅಂತ ಕೇಳುತ್ತಿತ್ತು. ರಾತ್ರಿ ಹನ್ನೆರಡು ಕಳೆದಿತ್ತು. ಹೊಸದು, ಹೊಸದು ಅಂತ ಒತ್ತುತ್ತಾ ಹೋದೆ. ಅದರ ನಡುವೆ ಪಾಸ್‌ವರ್ಡ್ ಫೈಲೂ ಬಂದು ಹೋಯಿತು.

ಬೆಳಿಗ್ಗೆ ಅಣ್ಣ ಫೋನ್ ಮಾಡಿದ. "ಒಳಗೆ ಬಿಡ್ತಾ ಇಲ್ಲ ಮಾರಾಯ. ಇಲ್ಲಿ ಜನ ಬಾಕಿ ಕಟ್ಟಲಿಕ್ಕೆ ಬಂದು ನಿಂತಿದ್ದಾರೆ." ಹೋಗಿ ನೋಡಿದರೆ ಅಣ್ಣನ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ. ಎಲ್ಲ ಅಧಿಕಾರ ಇರುವ 'ರೂಟ್' ಎಂಬ ಖಾತೆ ಮಾತ್ರ ಪಾಸ್‌ವರ್ಡ್ ಕೇಳದೆಯೇ ಒಳಗೆ ಬಿಟ್ಟಿತು. ಹೊಸ ಫೈಲಿನಲ್ಲಿ ರೂಟ್‌ಗೆ ಪಾಸ್‌ವರ್ಡೇ ಇರುವುದಿಲ್ಲ. ಆ ತೆರೆದ ಬಾಗಿಲು ನೋಡಿ ಕೈ ತಣ್ಣಗಾಯಿತು.

ಆದರೆ ಫ್ರೀಬಿಎಸ್‌ಡಿ ದಿನಾ ಬೆಳಗಿನ ಜಾವ ಪಾಸ್‌ವರ್ಡ್ ಫೈಲಿನ ಪ್ರತಿ ತಾನೇ ತೆಗೆದಿಡುತ್ತದೆ. ಫೈಲು ಬದಲಾಗಿದ್ದರೆ ಹಿಂದಿನ ಪ್ರತಿಯನ್ನೂ ಉಳಿಸುತ್ತದೆ. ಅವತ್ತಿನ ಪ್ರತಿಯಲ್ಲಿ ನಾವಿರಲಿಲ್ಲ. ಹಿಂದಿನದರಲ್ಲಿ ಇದ್ದೆವು. ಅದನ್ನು ತಂದು ಹಾಕಿ, ಅದರಿಂದ ಪಾಸ್‌ವರ್ಡ್ ಡೇಟಾಬೇಸನ್ನು ಮತ್ತೆ ತಯಾರಿಸುವ ಕಮಾಂಡ್ ಕೊಟ್ಟೆ. ಅಣ್ಣ ಲಾಗಿನ್ ಆದ. ಒಟ್ಟು ಇಪ್ಪತ್ತು ನಿಮಿಷ ಹಿಡಿಯಿತು. ಎಲ್ಲಿ ಏನಿದೆ ಅಂತ ಮೊದಲೇ ಗೊತ್ತಿದ್ದದ್ದಕ್ಕೆ ಇಪ್ಪತ್ತು ನಿಮಿಷ. ಗೊತ್ತಿಲ್ಲದಿದ್ದರೆ ಅವತ್ತು ಅಂಗಡಿ ಬಾಗಿಲು ಹಾಕಬೇಕಿತ್ತು.

ಇನ್ನೊಂದು ಕಾರಣವೂ ಇದೆ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಂತು. ಅದು ಓಪನ್‌ಎಸ್‌ಎಸ್‌ಎಲ್ ಎಂಬ, ನೆಟ್ಟಿನಲ್ಲಿ ಹೋಗುವ ಮಾಹಿತಿಯನ್ನು ಗುಟ್ಟಾಗಿಡುವ ಸಾಫ್ಟ್‌ವೇರಿನ ತೂತು. ಫ್ರೀಬಿಎಸ್‌ಡಿ 10.0ದಲ್ಲೂ ಇತ್ತು. ಮನೆಯಿಂದ ಲೆಕ್ಕ ನೋಡಲು ನಾನು ಅದನ್ನೇ ಬಳಸುವ ದಾರಿ ಮಾಡಿಟ್ಟಿದ್ದೆ. ತೂತು ಮುಚ್ಚುವ ತಿದ್ದುಪಡಿ, ಅಂದರೆ ಪ್ಯಾಚ್, ಬಂದ ಕೂಡಲೇ ಹಾಕುವ ಮೊದಲು ತೆರೆದು ಓದಿದೆ. ಕದಿಯಲು ಬಂದ ಆ ಕಡೆಯವನು "64 ಕಿಲೋಬೈಟ್ ಕಳಿಸಿದ್ದೇನೆ, ಅಷ್ಟನ್ನೂ ವಾಪಸು ಕೊಡು" ಅನ್ನುತ್ತಾನೆ. ಕಳಿಸಿದ್ದು ಒಂದೇ ಬೈಟ್. ನಮ್ಮ ಕಂಪ್ಯೂಟರ್ ಅಳೆಯದೆ, ಪಕ್ಕದ ಮೆಮೊರಿಯಲ್ಲಿ ಇದ್ದದ್ದನ್ನೆಲ್ಲ ಸೇರಿಸಿ ಕೊಡುತ್ತದೆ. ಪ್ಯಾಚ್ ಮಾಡಿದ್ದು ಇಷ್ಟೇ, ಹೇಳಿದ ಉದ್ದಕ್ಕೂ ಬಂದ ಉದ್ದಕ್ಕೂ ತಾಳೆ ನೋಡುವುದು. ಕೆಲವೇ ಸಾಲು. ಹಾಕಿದೆ, ಕಟ್ಟಿದೆ, ಹಳೆಯ ಕೀಗಳನ್ನು ಬದಲಿಸಿದೆ. ನನ್ನ ಯಂತ್ರದಲ್ಲಿ ತೂತು ಎಲ್ಲಿತ್ತು, ಹೇಗೆ ಮುಚ್ಚಿತು ಅಂತ ಕಣ್ಣಾರೆ ನೋಡಿದ್ದು ಅವತ್ತೇ. ರೆಡಿ ಇಳಿಸಿಕೊಂಡಿದ್ದರೂ ತೂತು ಮುಚ್ಚುತ್ತಿತ್ತು ನಿಜ, ಆದರೆ ನಾನು ನೋಡುತ್ತಿರಲಿಲ್ಲ.

ಈ ಸಲದ ರಜೆಯಲ್ಲಿ ಅಕ್ಕನ ಮಗ ತಾನೇ ಮಾಡುತ್ತೇನೆ ಅಂತ ಕೂತ. ಈಗ ಮರ್ಜ್‌ಮಾಸ್ಟರ್ ಬದಲು 'ಇಟಿಸಿ ಅಪ್‌ಡೇಟ್' ಇದೆ. ಹಳೆಯ ಮೂಲ, ಹೊಸ ಮೂಲ, ನಮ್ಮ ಬದಲಾವಣೆ, ಮೂರನ್ನೂ ಇಟ್ಟು ತಾನೇ ಹೊಂದಿಸುತ್ತದೆ. ಹೊಂದದೇ ಇದ್ದರೆ ಮಾತ್ರ ನಮ್ಮನ್ನು ಕೇಳುತ್ತದೆ. ಅವನು ಒಂದು ಫೈಲಿನಲ್ಲಿ ನಿಂತ.

"ಮಾವ, ಇದರಲ್ಲಿ ನಮ್ಮದು ಯಾವುದು?"

ಗಡಿಬಿಡಿ ಮಾಡದೆ ಕೇಳಿದನಲ್ಲ ಅಂತ ಖುಷಿಯಾಯಿತು. ಕೊನೆಗೆ ಹಳೆಯ ಫೈಲುಗಳನ್ನು ಅಳಿಸಿ, ಹಳೆಯ ಲೈಬ್ರರಿಗಳನ್ನೂ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡಿನ ಫೈಲುಗಳು) ಅಳಿಸಲು ಹೊರಟಾಗ ತಡೆದೆ. ಅಣ್ಣನ ಬಿಲ್ಲಿನ ಪ್ರೋಗ್ರಾಂ ಇನ್ನೂ ಹಳೆಯ ಲೈಬ್ರರಿಯ ಮೇಲೆಯೇ ನಿಂತಿತ್ತು. ಮೊದಲು ಅದನ್ನು ಹೊಸದರ ಮೇಲೆ ಮತ್ತೆ ಹಾಕಬೇಕು, ಬಿಲ್ಲು ಪ್ರಿಂಟ್ ಆಗುವುದನ್ನು ನೋಡಬೇಕು, ಆಮೇಲೆ ಅಳಿಸಬೇಕು. ಅವನು ಪ್ರೋಗ್ರಾಂ ಹಾಕಿ, ಐದು ಕಿಲೋ ಹಗ್ಗದ ಒಂದು ಬಿಲ್ಲು ಮಾಡಿ ಪ್ರಿಂಟ್ ಒತ್ತಿದ. ಪ್ರಿಂಟರಿನಿಂದ ಕಾಗದ ಹೊರಗೆ ಬಂದ ಮೇಲೆಯೇ ಹಳೆಯ ಲೈಬ್ರರಿಗೆ ಕೈ ಹಾಕಿದ.