ಕೇಳಿ ಬರೆದನೇನೇ?

14 ನವೆಂಬರ್, ಶುಕ್ರವಾರ
ಬರ್ಲಿನ್

ಶುಭಾ ಜೊತೆ ಹೋದ್ರೆ ಹೀಗೇ. ಚಿತ್ರ ನೋಡೋಕೆ ಹೋಗಿ ಜಗಳ ಹಚ್ಕೊಂಡು ಬಂದೆ.

ಕುಲ್ಟೂರ್‌ಫೋರಮ್ ಅನ್ನೋ ಮ್ಯೂಸಿಯಂ ಸಮುಚ್ಚಯದಲ್ಲಿ ಹತ್ತೊಂಬತ್ತನೇ ಶತಮಾನದ ಜರ್ಮನ್ ಚಿತ್ರಕಾರ ಮೆಂಜೆಲ್‌ನ ಪೆನ್ಸಿಲ್ ಹಾಳೆಗಳು. ಬೆಳಕಿಗೆ ಹಾಳಾಗುತ್ತವೆ ಅಂತ ಗೋಡೆಗೆ ಹಾಕುವುದು ಕಡಿಮೆ, ಕೇಳಿದರೆ ಮೇಜಿಗೆ ತಂದುಕೊಡುತ್ತಾರೆ. 1872ರಲ್ಲಿ ಸೈಲೀಸಿಯಾದ ಕಬ್ಬಿಣದ ಕಾರ್ಖಾನೆಗೆ ಹೋಗಿ ನೂರಕ್ಕೂ ಜಾಸ್ತಿ ಸ್ಕೆಚ್ ಮಾಡಿಕೊಂಡು ಬಂದಿದ್ದ. ಕಾರ್ಖಾನೆಯ ಒಳಗನ್ನು ತೋರಿಸುವ 1875ರ ಆ ದೊಡ್ಡ ತೈಲಚಿತ್ರ ಅದರಿಂದಲೇ ಆಗಿದ್ದು.

ಒಂದು ಹಾಳೆಯಲ್ಲಿ ಒಬ್ಬ ಕೆಲಸಗಾರ ಅಂಗಿ ಬಿಚ್ಚಿ, ಬಗ್ಗಿ ಮೈ ತೊಳೆಯುತ್ತಿದ್ದಾನೆ. ಬಡಗಿಗಳ ದಪ್ಪ ಪೆನ್ಸಿಲ್. ಹೆಗಲ ಹತ್ತಿರ ಮೆಂಜೆಲ್ ತಿಕ್ಕಿ ತಿಕ್ಕಿ ಕಪ್ಪು ಮಾಡಿದ್ದಾನೆ. ಕಾಲಿಗೆ ಒಂದೆರಡು ಗೆರೆ ಸಾಕಾಗಿದೆ. ಮುಖ ತೋಳಿನ ಮರೆಗೆ ಹೋಗಿದೆ. ಮೂಲೆಯಲ್ಲಿ ಅದೇ ಮೊಣಕೈ ಇನ್ನೊಂದು ಸಲ.

"ಇವನನ್ನ ಕೇಳಿ ಬರೆದನೇನೇ?" ಅಂದಳು ಶುಭಾ.

"ಆ ಕಾಲದಲ್ಲಿ ಯಾರು ಕೇಳ್ತಿದ್ರು ಕಣೇ?"

"ನಮ್ಮ ವಾರ್ಡಲ್ಲಿ ಒಂದು ಗಾಯದ ಫೋಟೋ ತೆಗೀಬೇಕಾದ್ರೂ ಸಹಿ ಬೇಕು. ಈಯಪ್ಪ ಮೈ ತೊಳ್ಕೋತಿದ್ದಾನೆ!"

ಟ್ರೈನಲ್ಲೂ ಬಿಡಲಿಲ್ಲ. ನಾನು ಜರ್ಮನಿಯ ಮೊದಲ ಚಾನ್ಸಲರ್ ಬಿಸ್ಮಾರ್ಕ್ ಕಥೆ ತೆಗೆದೆ. 1898ರಲ್ಲಿ ಅವನು ಸತ್ತ ರಾತ್ರಿ ಇಬ್ಬರು ಫೋಟೋಗ್ರಾಫರ್‌ಗಳು ಕದ್ದು ಒಳಗೆ ನುಗ್ಗಿ ಹೆಣದ ಫೋಟೋ ತೆಗೆದರು. ಆ ರಂಪ ಆದಮೇಲೆ, ಒಪ್ಪಿಗೆ ಇಲ್ಲದೆ ಯಾರ ಚಿತ್ರವನ್ನೂ ಹಂಚಬಾರದು ಅಂತ 1907ರಲ್ಲಿ ಕಾನೂನು ಬಂತು. ಮೆಂಜೆಲ್ 1905ರಲ್ಲೇ ತೀರಿಕೊಂಡಿದ್ದ.

"ದೊಡ್ಡೋರಿಗೆ ಆದ್ಮೇಲೆ ತಾನೇ ಕಾನೂನು," ಅಂದು ಫೋನ್ ತೆಗೆದಳು.

ಸಿಟ್ಟು ಬಂತು. ಮೆಂಜೆಲ್ ನಾಲ್ಕೂವರೆ ಅಡಿ ಮನುಷ್ಯ, ಕುಳ್ಳ ಅಂತ ಸೈನ್ಯಕ್ಕೂ ಬೇಡವಾದವನು. ಕೋಟಿನ ಜೇಬಲ್ಲೆಲ್ಲ ಸ್ಕೆಚ್ ಬುಕ್ ತುರುಕಿಕೊಂಡು ಆ ಬೆಂಕಿ, ಆ ಸದ್ದಿನ ನಡುವೆ ನಿಂತು ಬರೆದವನನ್ನು ಕಳ್ಳನ ಸಾಲಿಗೆ ಸೇರಿಸೋದಾ?

ಆದರೆ ಮನೆಗೆ ಬಂದ ಮೇಲೆ ನೆನಪಾಯಿತು. ರಾಜನ ಪಟ್ಟಾಭಿಷೇಕದ ಚಿತ್ರ ಮಾಡುವಾಗ ದೊಡ್ಡ ಮನುಷ್ಯರನ್ನ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮುಖ ಬರೆದವನು ಇವನೇ. ಅಂದ್ರೆ ಕೇಳಿ ಬರೆಯೋದು ಗೊತ್ತಿತ್ತು. ಇದನ್ನ ಶುಭಾಗೆ ಹೇಳಲ್ಲ.

ಅಕ್ಕಿ ಮುಗಿದಿದೆ. ನಾಳೆ ತರಬೇಕು.

ಆ ಎರಡನೇ ಮೊಣಕೈ. ಆ ಕೆಲಸಗಾರ ಕೈ ಅಷ್ಟು ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದನೇ? ಹಾಗಿದ್ರೆ ಗೊತ್ತಿದ್ದೇ ನಿಂತಿದ್ದ. ಇಲ್ಲಾ ಅವನು ಅಷ್ಟರಲ್ಲಿ ಅಂಗಿ ಹಾಕ್ಕೊಂಡು ಹೊರಟುಹೋಗಿ, ಅದು ಪಕ್ಕದಲ್ಲಿದ್ದ ಇನ್ಯಾರದೋ