ಅವೇ ಎದ್ದು ಕೂರುವ ಚುಕ್ಕಿಗಳು

ಇವತ್ತು ಮುಂಬೈನ ಪೊವಾಯಿಯ ಲ್ಯಾಬಿನಲ್ಲಿ ಮತ್ತೆ ಕ್ವಾಂಟಮ್ ಡಾಟ್, ಅಂದರೆ ಬೆಳಕು ಸೂಸುವ ಅತಿ ಪುಟ್ಟ ಅರೆವಾಹಕ ಚುಕ್ಕಿಗಳನ್ನು, ಬೆಳೆಸಿದೆವು. ಗ್ಯಾಲಿಯಂ ಆರ್ಸೆನೈಡ್ ಬಿಲ್ಲೆ, 500 ಡಿಗ್ರಿ ಹತ್ತಿರದ ಬಿಸಿ, ಮೇಲೆ ಇಂಡಿಯಂ ಆರ್ಸೆನೈಡ್. ಎರಡರ ಹರಳಿನಲ್ಲಿ ಪರಮಾಣುಗಳ ನಡುವಿನ ಅಂತರಕ್ಕೆ ಶೇ. 7ರಷ್ಟು ವ್ಯತ್ಯಾಸ. ಮೊದಲ ಪರಮಾಣು ಪದರ ಹೇಗೋ ಹೊಂದಿಕೊಂಡು ಚಪ್ಪಟೆಯಾಗಿ ಕೂರುತ್ತದೆ. ಸುಮಾರು 1.7 ಪದರ ದಾಟಿತೋ, ಬಿಗಿತ ತಡೆಯಲಾರದೆ ಪುಟ್ಟ ದಿಬ್ಬಗಳಾಗಿ ಎದ್ದುಬಿಡುತ್ತದೆ. ಅವೇ ಡಾಟ್‌ಗಳು. ಪರದೆ ಮೇಲೆ ಎಲೆಕ್ಟ್ರಾನ್ ಕಿರಣದ ಗೆರೆಗಳು ಚುಕ್ಕಿಗಳಾಗಿ ಒಡೆಯುತ್ತವೆ. ಅದನ್ನು ಎಷ್ಟು ಸಲ ನೋಡಿದರೂ ಬೇಜಾರಿಲ್ಲ.

ಬಿಸಿ, ಪದರ ನಮ್ಮ ಕೈಲಿ. ಎಲ್ಲಿ ಏಳಬೇಕು ಅನ್ನೋದು ಅವುಗಳ ಇಷ್ಟ. ಕಿರಿಕಿರಿಯೂ ಅದೇ, ಮಜಾನೂ ಅದೇ.

ದಿಬ್ಬದ ಅಗಲ 20 ನ್ಯಾನೋಮೀಟರ್ ಆಸುಪಾಸು. ಚಿಕ್ಕದಾದಷ್ಟೂ ಅದು ಸೂಸುವ ಬೆಳಕಿನ ಶಕ್ತಿ ಜಾಸ್ತಿ. ಎಲ್ಲವೂ ಒಂದೇ ಗಾತ್ರ ಇರಲ್ಲ ಅಲ್ವಾ, ಅದಕ್ಕೇ ಆ ಬೆಳಕನ್ನು ಶಕ್ತಿವಾರು ಬಿಡಿಸಿ ತೋರಿಸುವ ಸ್ಪೆಕ್ಟ್ರಮ್‌ನಲ್ಲಿ ಅಗಲವಾದ ಗುಡ್ಡ ಕಾಣುತ್ತದೆ. ಒಂದೇ ಡಾಟ್ ಆರಿಸಿ, ಹೀಲಿಯಂನಲ್ಲಿ ತಣ್ಣಗೆ ಮಾಡಿದರೆ ಮಾತ್ರ ಸೂಜಿಯಂಥ ಗೆರೆ. ಆ ಬೆಳಕೂ ಇನ್‌ಫ್ರಾರೆಡ್!

ರಾತ್ರಿ ಮಾಟುಂಗಾದಲ್ಲಿ ಚಿಕ್ಕಮ್ಮನ ಮನೆ ಊಟ. "ಕಣ್ಣಿಗೇ ಕಾಣದ ಬೆಳಕಿಗೆ ಇಷ್ಟು ಒದ್ದಾಟವಾ?" ಅಂದರು. ಒಂದು ಸಲಕ್ಕೆ ಒಂದೇ ಫೋಟಾನ್, ಅಂದರೆ ಬೆಳಕಿನ ಒಂದೇ ಕಣ, ಬಿಡುವ ದೀಪ ಇದರಿಂದ ಮಾಡಬಹುದು, ಗುಟ್ಟಿನ ಸಂದೇಶ ಕಳಿಸೋಕೆ ಅದೇ ಬೇಕು ಅಂದೆ.

"ಒಂದೊಂದೇನಾ? ಎಂಥ ಕಂಜೂಸ್ ದೀಪನೋ!" ಅಂತ ಇನ್ನೊಂದು ಸೌಟು ಸಾರು ಬಡಿಸಿದರು.