ಉಗಿಬಂಡಿ ಕಾರ್ಡ್‌ಗಳು: ದೇಶ ಬಿಟ್ಟು ಗಾಲಿ ಹಿಡಿದೆ

ಈ ಮಳೆಗಾಲಕ್ಕೆ ನನ್ನ ಉಗಿಬಂಡಿ ಪೋಸ್ಟ್‌ಕಾರ್ಡ್‌ಗಳು 214 ಆದವು. ಬೇಸಿಗೆಯಲ್ಲಿ ಎಣಿಸಿದಾಗ 187 ಇದ್ದವು. ಆದರೆ ಈ ಸಲದ ದೊಡ್ಡ ಕೆಲಸ ಬೇರೆ. ಇಷ್ಟು ವರ್ಷ ದೇಶದ ಪ್ರಕಾರ ಜೋಡಿಸಿಟ್ಟಿದ್ದ ಆಲ್ಬಂಗಳನ್ನೆಲ್ಲ ಬಿಚ್ಚಿದ್ದೇನೆ. ಈಗ ಎಂಜಿನ್ನಿನ ಗಾಲಿ ಲೆಕ್ಕದ ಮೇಲೆ ಜೋಡಿಸುತ್ತಿದ್ದೇನೆ. ಮಲ್ಲೇಶ್ವರದ ನಮ್ಮ ಮನೆಯ ಊಟದ ಮೇಜು ಮೂರು ವಾರದಿಂದ ಕಾರ್ಡ್‌ಗಳಿಗೇ ಮೀಸಲು.

ಇದಕ್ಕೆಲ್ಲ ಕಾರಣ ಒಂದು ಫ್ರೆಂಚ್ ಕಾರ್ಡ್. ಚರ್ಚ್ ಸ್ಟ್ರೀಟಿನಲ್ಲಿ ಕೊಂಡ ಹಳೇ ಪುಸ್ತಕದೊಳಗೆ ಸಿಕ್ಕಿತು. ಚಿತ್ರದ ಕೆಳಗೆ 231 ಅಂತ ಇತ್ತು. ಎಂಜಿನ್ ನಂಬರ್ ಇರಬೇಕು ಅಂದುಕೊಂಡೆ. ಭೂತಗನ್ನಡಿ ಹಿಡಿದು ಗಾಲಿ ಎಣಿಸಿದೆ. ಒಂದು ಬದಿಯಲ್ಲಿ ಮುಂದೆ ಚಿಕ್ಕವು ಎರಡು, ನಡುವೆ ದೊಡ್ಡವು ಮೂರು, ಹಿಂದೆ ಚಿಕ್ಕದು ಒಂದು. ಎರಡು, ಮೂರು, ಒಂದು! ಫ್ರೆಂಚರು ಆಕ್ಸಲ್, ಅಂದರೆ ಎರಡು ಬದಿಯ ಗಾಲಿಗಳನ್ನು ಜೋಡಿಸುವ ಅಚ್ಚು, ಎಣಿಸುತ್ತಾರೆ. ಇಂಗ್ಲಿಷರು, ಅಮೆರಿಕದವರು ಎರಡೂ ಬದಿಯ ಗಾಲಿಗಳನ್ನು ಎಣಿಸಿ ಇದನ್ನೇ 4-6-2 ಅಂತಾರೆ. ಇದೇ 4-6-2 ನಮ್ಮ ಮೀಟರ್ ಗೇಜಿನ ವೈಪಿ ಎಂಜಿನ್ನಿನದೂ ಹೌದು. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ದಾಖಲೆ ಮಾಡಿದ ಇಂಗ್ಲೆಂಡಿನ ಮಲಾರ್ಡ್‌ನದೂ ಹೌದು. ನನ್ನ ಹಳೇ ಜೋಡಣೆಯಲ್ಲಿ ಇವೆಲ್ಲ ಬೇರೆ ಬೇರೆ ಆಲ್ಬಂಗಳಲ್ಲಿ ದೂರ ದೂರ ಕೂತಿರುತ್ತಿದ್ದವು.

ಒಂದೊಂದು ದೇಶದ ಲೆಕ್ಕ ಒಂದೊಂದು ಥರ. ಜಪಾನಿನಲ್ಲಿ ಎಳೆಯುವ ಆಕ್ಸಲ್ ಮೂರಿದ್ದರೆ ಸಿ, ನಾಲ್ಕಿದ್ದರೆ ಡಿ. ಹಾಗಾಗಿ ಡಿ51 ಅಂದ ಕೂಡಲೇ ದೊಡ್ಡ ಗಾಲಿ ನಾಲ್ಕು ಜೊತೆ ಅಂತ ಗೊತ್ತಾಗುತ್ತದೆ. ತುರ್ಕಿಯ ಎಂಜಿನ್ ನಂಬರ್ 56ರಿಂದ ಶುರುವಾದರೆ, ಒಟ್ಟು ಆರು ಆಕ್ಸಲ್‌ನಲ್ಲಿ ಐದು ಎಳೆಯುತ್ತವೆ ಎಂದರ್ಥ. ಇದು ತಿಳಿದ ಮೇಲೆ, ಭಾಷೆ ಬಾರದ ಕಾರ್ಡ್‌ಗಳನ್ನೂ ಓದುವುದಕ್ಕೆ ಆಗುತ್ತಿದೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು 2-8-2ರ ಪುಟ. ಈ ಗಾಲಿ ಜೋಡಣೆಗೆ ಮಿಕಾಡೊ ಅಂತ ಹೆಸರು. 1897ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆ ಇಂಥ ಎಂಜಿನ್‌ಗಳನ್ನು ಜಪಾನಿಗೆ ಮಾಡಿಕೊಟ್ಟಿತು. ಜಪಾನಿನ ಚಕ್ರವರ್ತಿಯ ಬಿರುದೇ ಹೆಸರಾಗಿ ನಿಂತಿತು. ಆಮೇಲೆ ಜಪಾನಿನವರು ತಾವೇ ಡಿ51 ಕಟ್ಟಿದರು, ಒಂದಲ್ಲ ಎರಡಲ್ಲ, 1,115. ಅದರ ಪಕ್ಕದಲ್ಲೇ ನಮ್ಮ ದೇಶದ 2-8-2, ಡಬ್ಲ್ಯೂಜಿ ಎಂಜಿನ್ನಿನ ಕಾರ್ಡ್ ಇಟ್ಟಿದ್ದೇನೆ. 1950ರಲ್ಲಿ ಚಿತ್ತರಂಜನ್ ಕಾರ್ಖಾನೆಯಿಂದ ಹೊರಬಂದ ಮೊದಲ ಎಂಜಿನ್ ಈ ಜಾತಿಯದ್ದೇ. 1970ರ ಕೊನೇ ಡಬ್ಲ್ಯೂಜಿಗೆ 'ಅಂತಿಮ ಸಿತಾರಾ' ಅಂತ ಹೆಸರಿಟ್ಟರು. ಎಷ್ಟು ಚೆಂದದ ಹೆಸರು ಅಲ್ವಾ?

ನೀಲಗಿರಿ ಬೆಟ್ಟದ ರೈಲು ಮಾತ್ರ ಈ ಲೆಕ್ಕಕ್ಕೆ ಬಗ್ಗಲಿಲ್ಲ. ಅದರ ಎಕ್ಸ್ ಎಂಜಿನ್ 0-8-2. ಆದರೆ ಅದರ ಗುಟ್ಟು ಗಾಲಿಯಲ್ಲಿಲ್ಲ, ಎಂಜಿನ್ನಿನ ಹಲ್ಲುಚಕ್ರ ಕಚ್ಚಿ ಹತ್ತುವ, ಹಳಿಗಳ ನಡುವಿನ ಹಲ್ಲುಪಟ್ಟಿಯಲ್ಲಿದೆ. ಹಾಗಾಗಿ ಅದನ್ನು ಸ್ವಿಟ್ಜರ್ಲೆಂಡಿನ ಬ್ರೀಂಝ್ ರೋಟ್‌ಹಾರ್ನ್ ಕಾರ್ಡಿನ ಜೊತೆ ಇಟ್ಟೆ. ಎರಡು ಕಡೆಯೂ ಆಪ್ಟ್ ಎಂಬಾತನ ಹಲ್ಲುಪಟ್ಟಿಯೇ. ಎರಡಕ್ಕೂ ಎಂಜಿನ್ ಮಾಡಿಕೊಟ್ಟಿದ್ದು ವಿಂಟರ್‌ಥೂರಿನ ಒಂದೇ ಕಾರ್ಖಾನೆ.

ಕಾಲ ಗುರುತಿಸುವ ಕೆಲಸವೂ ಜೊತೆಗೆ ನಡೆದಿದೆ. ಅದಕ್ಕೆ ಕಾರ್ಡಿನ ಬೆನ್ನು ನೋಡಬೇಕು. ಮೊದಲು ಬೆನ್ನಿನಲ್ಲಿ ವಿಳಾಸ ಮಾತ್ರ ಬರೆಯಬೇಕಿತ್ತು. ನಡುವೆ ಗೆರೆ ಎಳೆದು ಎಡಗಡೆ ಸುದ್ದಿ ಬರೆಯಲು ಬ್ರಿಟನ್ 1902ರಲ್ಲಿ, ಫ್ರಾನ್ಸ್ 1904ರಲ್ಲಿ, ಜರ್ಮನಿ 1905ರಲ್ಲಿ, ಅಮೆರಿಕ 1907ರಲ್ಲಿ ಬಿಟ್ಟವು. ಗೆರೆ ಇಲ್ಲದ ಕಾರ್ಡ್ ನನ್ನಲ್ಲಿ ಒಂಬತ್ತಿವೆ. ಒಂದರಲ್ಲಿ ಯಾರೋ ಚಿತ್ರದ ಮೇಲೇ, ಹೊಗೆಯ ಪಕ್ಕದ ಖಾಲಿ ಆಕಾಶದಲ್ಲಿ, ಸಣ್ಣ ಅಕ್ಷರದಲ್ಲಿ ಕ್ಷೇಮ ಸಮಾಚಾರ ಬರೆದಿದ್ದಾರೆ. ಹಳೇ ಕಾರ್ಡ್‌ಗಳನ್ನು ಆಮೇಲೂ ಬಳಸಿರಬಹುದು. ಹಾಗಾಗಿ ಅಂಚೆ ಮುದ್ರೆಯನ್ನೂ ನೋಡಿಯೇ ವರ್ಷ ಬರೆಯುತ್ತೇನೆ.

ಒಂದು ನಷ್ಟವೂ ಆಯಿತು. ಹೊಳಪು ಕಾಗದದ ಮಲಾರ್ಡ್ ಕಾರ್ಡ್ ಹಳೇ ಆಲ್ಬಂನ ಪಿವಿಸಿ ಜೇಬಿಗೆ ಅಂಟಿಕೊಂಡಿತ್ತು. ಬಿಡಿಸುವಾಗ ಬಾಯ್ಲರಿನ ನೀಲಿ ಬಣ್ಣ ಕಿತ್ತು ಬಂತು. ತುಂಬ ಬೇಜಾರಾಯಿತು. ಈಗ ಎಲ್ಲವನ್ನೂ ಪಾಲಿಪ್ರೊಪಿಲೀನ್ ಜೇಬಿಗೆ ಹಾಕುತ್ತಿದ್ದೇನೆ. ಜೊತೆಗೆ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡುತ್ತೇನೆ. ನಿಮ್ಮಲ್ಲೂ ಹಳೇ ಆಲ್ಬಂ ಇದ್ದರೆ ಈ ಮಳೆ ಜೋರಾಗುವ ಮೊದಲೇ ತೆಗೆದು ನೋಡಿ.

4-6-2ರ ಪುಟದಲ್ಲಿ ಒಂದು ಜಾಗ ಇನ್ನೂ ಖಾಲಿ. ವೈಪಿಯ ಚಿತ್ರದ ಕಾರ್ಡ್ ನನಗೆ ಎಲ್ಲೂ ಸಿಕ್ಕಿಲ್ಲ. ಹೋದ ಭಾನುವಾರ ಅಪ್ಪ ಮೇಜಿನ ಹತ್ತಿರ ಬಂದು ಆ ಜಾಗ ನೋಡಿದರು. "ಇಲ್ಲಿಗೆ ಯಾವುದು?" ಅಂದರು. ವೈಪಿ ಅಂದೆ. "ಅರಸೀಕೆರೆ ಗಾಡಿದು ಅದೇ ಅಲ್ವೇನೋ? ಬಿಳಿ ಷರ್ಟ್ ಹಾಕ್ಕೊಂಡು ಕಿಟಕಿ ಪಕ್ಕ ಕೂತ್ರೆ, ಇಳಿಯೋ ಹೊತ್ತಿಗೆ ಕಾಲರ್ ಎಲ್ಲ ಮಸಿ" ಅಂದರು. ಒಳಗೆ ಹೋಗಿ ಬೀರುವಿನಿಂದ ಒಂದು ಕಪ್ಪು ಬಿಳುಪು ಫೋಟೋ ತಂದರು. ಅರಸೀಕೆರೆ ಪ್ಲಾಟ್‌ಫಾರಂನಲ್ಲಿ ಎಂಜಿನ್ ಮುಂದೆ ಇಪ್ಪತ್ತೆರಡರ ಹುಡುಗ ಅಪ್ಪ. ಗಾಲಿ ಎಣಿಸಿದೆ. ವೈಪಿಯೇ.

ಆ ಫೋಟೋವನ್ನು ಐದೂವರೆ ಇಂಚು ಉದ್ದ, ಮೂರೂವರೆ ಇಂಚು ಅಗಲಕ್ಕೆ ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿದ್ದೇನೆ. ಬೆನ್ನಿಗೆ ನಡುವೆ ಗೆರೆ ಎಳೆದಿದ್ದೇನೆ. ಎಡಗಡೆ ಅಪ್ಪನೇ ನಾಲ್ಕು ಸಾಲು ಬರೆದಿದ್ದಾರೆ, ಬಲಗಡೆ ನಮ್ಮ ಮನೆ ವಿಳಾಸ. ಸೋಮವಾರ ಇಬ್ಬರೂ ಜಿಪಿಒಗೆ ಹೋಗಿ, ಸ್ಟ್ಯಾಂಪ್ ಹಚ್ಚಿ ಪೆಟ್ಟಿಗೆಗೆ ಹಾಕುತ್ತೇವೆ. ಮುದ್ರೆ ಬಿದ್ದು ಮನೆಗೆ ಬಂದರೆ ಅದೇ 215ನೆಯದು.